ನಾಲ್ಕು ಮಂಗಳವಾರ, ಒಂದೇ ಪದ: ಮಡಿಕೇರಿಯ ‘ಟೇಕ್’ ತರಗತಿ ಹೇಗಿದೆ?

ಹೋಮ್‌ಸ್ಟೇ, ಮಸಾಲೆ ಅಂಗಡಿ, ಟ್ಯಾಕ್ಸಿ ಸ್ಟ್ಯಾಂಡ್‌ಗಳಲ್ಲಿ ಕೆಲಸ ಮಾಡುವವರಿಗೆಂದೇ ಮಡಿಕೇರಿಯಲ್ಲಿ ನಡೆಯುವ ತರಗತಿ ಇದು. ವಾರಾಂತ್ಯದ ಪ್ರವಾಸಿಗರ ಗಲಾಟೆ ಇಳಿದ ಮೇಲೆ, ಮಂಗಳವಾರ ಮಧ್ಯಾಹ್ನ 2 ಗಂಟೆ ಅವಧಿಯ ಪಾಠ. ಒಟ್ಟು ನಾಲ್ಕು ವಾರ, ಶುಲ್ಕ 600 ರೂಪಾಯಿ. ಇಷ್ಟರಲ್ಲಿ ಕಲಿಸುವುದು ‘ಟೇಕ್’ ಎಂಬ ಒಂದೇ ಇಂಗ್ಲಿಷ್ ಪದ. ಇದು ದುಬಾರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಪದ ಕೈಗೆ ಹತ್ತಿದರೆ ದಾರಿ ಹೇಳುವುದು, ಹೊತ್ತು ಹೇಳುವುದು, ಸಾಮಾನು ಸಾಗಿಸುವುದು, ಬೆಲೆ ಇಳಿಸುವುದು ಎಲ್ಲವೂ ಅದರಲ್ಲೇ ನಡೆಯುತ್ತದೆ.

ಮೊದಲ ದಿನದ ಪಾಠವೇ ಇಡೀ ತರಗತಿಯ ಜೀವಾಳ. ಅರ್ಥಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಏನೇ ಆಡಲಿ, ಬಂದವರಿಗೆಲ್ಲ ಗೊತ್ತಿರುವ ಕನ್ನಡದ ‘ತಗೊ’ವನ್ನು ಪಕ್ಕಕ್ಕಿಟ್ಟು ಹೋಲಿಸುತ್ತಾರೆ. ಫೋಟೋ ತಗೊ, ಮಾತ್ರೆ ತಗೊ, ರಜೆ ತಗೊ, ಎಡಕ್ಕೆ ತಗೊ: ಈ ನಾಲ್ಕರಲ್ಲೂ ‘ಟೇಕ್’ ಹಾಗೆಯೇ ಕೂರುತ್ತದೆ. ಎಡವುವುದು ಮುಂದಿನ ಮೂರರಲ್ಲಿ. ‘ಕಾಫಿ ತಗೊಳ್ಳಿ’ ಎನ್ನಲು ‘ಟೇಕ್ ಕಾಫಿ’ ಎಂದರೆ ಅಪ್ಪಣೆ ಕೊಟ್ಟಂತೆ ಕೇಳುತ್ತದೆ. ‘ಪ್ಲೀಸ್ ಹ್ಯಾವ್ ಸಮ್ ಕಾಫಿ’ ಅನ್ನಬೇಕು. ಆದರೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವ ರೂಢಿ ಇದೆಯೇ ಎಂದು ಕೇಳಲು ‘ಡು ಯು ಟೇಕ್ ಶುಗರ್?’ ಸರಿಯಾದ ಮಾತು. ಎರಡನೆಯದು, ‘ಎಷ್ಟು ತಗೊಳ್ತೀರಿ?’ ಎಂದು ಬಾಡಿಗೆ ವಿಚಾರಿಸುವುದು; ಅಲ್ಲಿ ‘ಚಾರ್ಜ್’ ಬೇಕು. ಮೂರನೆಯದು ಅಂಗಡಿಯವರಿಗೆ ಬಹಳ ಮುಖ್ಯ. ನಮ್ಮ ‘ತಗೊ’ಗೆ ಕೊಂಡುಕೊಳ್ಳುವ ಅರ್ಥವೂ ಉಂಟು, ‘ಟೇಕ್’ಗೆ ಸಾಮಾನ್ಯವಾಗಿ ಇಲ್ಲ. ‘ಈ ಜೇನು ಇಲ್ಲೇ ತಗೊಂಡ್ರಾ?’ ಎಂಬ ಸೌಜನ್ಯದ ಪ್ರಶ್ನೆಯನ್ನು ‘ಡಿಡ್ ಯು ಟೇಕ್ ದಿಸ್ ಹನಿ ಫ್ರಮ್ ಹಿಯರ್?’ ಎಂದು ಕೇಳಿದರೆ, ಕಾಸು ಕೊಡದೆ ಎತ್ತಿಕೊಂಡಿರಾ ಎಂಬ ಧ್ವನಿ ಬಂದುಬಿಡುತ್ತದೆ. ‘ಟೇಕ್’ ಬದಲು ಕೊಳ್ಳುವ ಅರ್ಥದ ‘ಬೈ’ ಹಾಕಿದರೆ ಮುಗಿಯಿತು.

ಸಾಗಿಸುವ ಅರ್ಥವನ್ನೂ ಅಂದೇ ಬಿಡಿಸುತ್ತಾರೆ. ‘ತಗೊಂಡು ಬಾ’ ಎಂದರೆ ‘ಬ್ರಿಂಗ್’, ‘ತಗೊಂಡು ಹೋಗು’ ಎಂದರೆ ‘ಟೇಕ್’. ಮನುಷ್ಯರಿಗೆ ನಾವು ‘ಕರ್ಕೊಂಡು ಹೋಗು’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಟವೆಲಿಗೂ ಅತಿಥಿಗೂ ಅದೇ ‘ಟೇಕ್’. ಡ್ರೈವರ್‌ಗಳಿಗೆ ‘ಐ ವಿಲ್ ಟೇಕ್ ಯು ಟು ತಲಕಾವೇರಿ’ ಹೇಳಲು ನಾಲಿಗೆ ಹಿಂಜರಿಯುವುದು ಇದೇ ಕಾರಣಕ್ಕೆ.

ಎರಡನೇ ವಾರ ಹೊತ್ತಿನ ಲೆಕ್ಕ. ‘ಇಪ್ಪತ್ತು ನಿಮಿಷ ಹಿಡಿಯುತ್ತೆ’ ಎಂಬ ಕನ್ನಡ ವಾಕ್ಯಕ್ಕೆ ಬೇರೆ ಕರ್ತೃ ಬೇಕಿಲ್ಲ. ಇಂಗ್ಲಿಷಿಗೆ ಬೇಕು, ಹಾಗಾಗಿ ಸುಮ್ಮನೆ ಒಂದು ‘ಇಟ್’ ಮುಂದೆ ನಿಲ್ಲುತ್ತದೆ. ಅದನ್ನು ಬಿಟ್ಟು ‘ಟ್ವೆಂಟಿ ಮಿನಿಟ್ಸ್ ವಿಲ್ ಟೇಕ್’ ಎನ್ನುವುದು, ‘ಫಾರ್ ರೀಚಿಂಗ್’ ಎಂದು ಮುಗಿಸುವುದು ಇಲ್ಲಿನ ಸಾಮಾನ್ಯ ತಪ್ಪುಗಳು. ಅಚ್ಚು ಇಷ್ಟೇ: ಇಟ್ ಟೇಕ್ಸ್, ಸಮಯ, ಟು, ಕ್ರಿಯಾಪದ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್ ಏರುದಾರಿ ಇಟ್ಟುಕೊಂಡು ‘ಇಟ್ ಟೇಕ್ಸ್ ಅಬೌಟ್ ಟ್ವೆಂಟಿ ಮಿನಿಟ್ಸ್ ಟು ರೀಚ್ ತಲಕಾವೇರಿ’ ಎಂದು ಹೇಳಿಸುತ್ತಾರೆ. ಮಳೆಗಾಲಕ್ಕೆ ‘ಇಟ್ ಮೇ ಟೇಕ್ ಲಾಂಗರ್’. ಜೂನ್ ಹಿಡಿದಾಗ ನಿತ್ಯ ಬೇಕಾಗುವ ವಾಕ್ಯ.

ಮೂರನೇ ವಾರ ‘ಟೇಕ್’ ಜೊತೆ ಬಾಲ ಸೇರುವ ಪದಗಳು. ‘ಟೇಕ್ ಆಫ್’ ಒಂದನ್ನು ಮಾತ್ರ ಚೆನ್ನಾಗಿ ಬಿಡಿಸಿದ್ದಾರೆ: ಶೂ ಕಳಚುವುದು, ವಿಮಾನ ಏರುವುದು, ವ್ಯಾಪಾರ ಕುದುರುವುದು, ಬಿಲ್ಲಿನಲ್ಲಿ ನೂರು ರೂಪಾಯಿ ಬಿಡುವುದು. ತೋಟ ಸುತ್ತಿ ಬಂದ ಅತಿಥಿಯ ಕಾಲಿಗೆ ಇಂಬಳ (ಜಿಗಣೆ) ಹತ್ತಿದೆಯೇ ನೋಡಬೇಕಾದರೆ ‘ಟೇಕ್ ಆಫ್ ಯುವರ್ ಶೂಸ್’ ಎನ್ನಬಹುದು, ‘ಟೇಕ್ ಯುವರ್ ಶೂಸ್ ಆಫ್’ ಕೂಡ ಆದೀತು. ಆದರೆ ‘ಶೂಸ್’ ಜಾಗಕ್ಕೆ ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟೇಕ್ ದೆಮ್ ಆಫ್’. ‘ಟೇಕ್ ಆಫ್ ದೆಮ್’ ತಪ್ಪು. ‘ಟೇಕ್ ಆಫ್ಟರ್’ ಮಾತ್ರ ನಡುವೆ ಏನನ್ನೂ ಸೇರಿಸುವುದಿಲ್ಲ. ಮಗಳು ತಾಯಿಯನ್ನು ಹೋಲುತ್ತಾಳೆ ಎನ್ನಲು ‘ಶೀ ಟೇಕ್ಸ್ ಆಫ್ಟರ್ ಹರ್ ಮದರ್’. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದೇ 2 ಗಂಟೆ ಅವಧಿಯಲ್ಲಿ ಹನ್ನೊಂದು ಜೋಡಿಗಳನ್ನು ತುರುಕಿದ್ದಾರೆ, ಒಂದೂ ಬಾಯಲ್ಲಿ ಉಳಿಯುವುದಿಲ್ಲ. ‘ಆಫ್’, ‘ಔಟ್’, ‘ಅವೇ’, ‘ಓವರ್’ ನಾಲ್ಕೇ ಸಾಕು.

ಕೊನೆಯ ವಾರದಲ್ಲಿ ‘ಟೇಕ್ ಪ್ಲೇಸ್’ (ಕಾರ್ಯಕ್ರಮ ನಡೆಯುವುದು) ಪಾಠ ಗಟ್ಟಿಯಾಗಿದೆ. ನಮ್ಮ ‘ನಡೆಸಲಾಯಿತು’ ತಲೆಯಲ್ಲಿರುವುದರಿಂದ ‘ವಾಸ್ ಟೇಕನ್ ಪ್ಲೇಸ್’ ಎಂದು ಬರೆಯುವವರು ಬಹಳ. ‘ಟುಕ್ ಪ್ಲೇಸ್’ ಎನ್ನಿ, ಇಲ್ಲವೇ ‘ವಾಸ್ ಹೆಲ್ಡ್’ ಎನ್ನಿ. ತುಲಾ ಸಂಕ್ರಮಣಕ್ಕೆ ‘ಟೇಕ್ಸ್ ಪ್ಲೇಸ್ ಇನ್ ಅಕ್ಟೋಬರ್’ ಸಾಕು.

ಕೊರತೆ ಎರಡು. ಹಂಚುವ ಹಾಳೆಯಲ್ಲಿ ಭೂತಕಾಲದ ರೂಪವನ್ನು ‘ಟೂಕ್’ ಎಂದು ದೀರ್ಘವಾಗಿ ಅಚ್ಚು ಹಾಕಿದ್ದಾರೆ. ಸ್ವರ ಹ್ರಸ್ವ, ‘ಟುಕ್’. ಹಾಗೆಯೇ ‘ಡಿಡ್’ ಬಂದ ಕಡೆ ‘ಟುಕ್’ ಬರಬಾರದು ಎಂಬುದನ್ನು ಹಾಳೆಯಲ್ಲಿ ಎಲ್ಲೂ ಹೇಳಿಲ್ಲ. ಇನ್ನೊಂದು, ಕೇಳಿ ತಿಳಿಯುವ ಅಭ್ಯಾಸವೇ ಇಲ್ಲ. ಪ್ರವಾಸಿಗರು ‘ಟೇಕ್ ಇಟ್ ಆಫ್’ ಅನ್ನು ಮೂರು ಪದವಾಗಿ ಆಡುವುದಿಲ್ಲ, ‘ಟೇಕಿಟಾಫ್’ ಎಂದು ಒಂದೇ ಉಸಿರಿಗೆ ಆಡುತ್ತಾರೆ. ವಾರಕ್ಕೆ ಹದಿನೈದು ನಿಮಿಷ ಧ್ವನಿಮುದ್ರಣ ಹಾಕಿ ಕೇಳಿಸಿದರೆ ಈ ಕೊರತೆ ನೀಗುತ್ತದೆ.

ಅತಿಥಿಗಳ ಜೊತೆ ದಿನವೂ ಮಾತಾಡುವವರು ಧಾರಾಳವಾಗಿ ಸೇರಬಹುದು. ಪರೀಕ್ಷೆಗೆ ವ್ಯಾಕರಣ ಬೇಕಾದ ಮಕ್ಕಳಿಗೆ ಇದು ಹೊಂದುವುದಿಲ್ಲ. ಬಿಡುವು ಕಡಿಮೆ ಇದ್ದರೆ ಮೊದಲ ಎರಡು ಮಂಗಳವಾರ ಮಾತ್ರ ತಪ್ಪಿಸಬೇಡಿ. ಅರ್ಧ ಶುಲ್ಕಕ್ಕೆ ಅಷ್ಟಕ್ಕೇ ಕೂರಲೂ ಬಿಡುತ್ತಾರೆ.