ಹಳೇ ಕಂಪ್ಯೂಟರ್, ಮೂರು ಎಸ್‌ಎಸ್‌ಡಿ: ಲಗ್ನದ ಸೀಸನ್ನಿಗೆ ಯಾವುದು ತಡೆಯಿತು?

ಮೊದಲೇ ಹೇಳಿಬಿಡುತ್ತೇನೆ. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲಿ ಫೈಲ್ ಇಡುವ ವೇಗದ ಡ್ರೈವ್. ನನ್ನ ಕೆಲಸಕ್ಕೆ ಒಗ್ಗಿದ್ದು ಸ್ಯಾಮ್‌ಸಂಗ್ 870 ಇವೊ, 500 ಜಿಬಿ. ಅದಕ್ಕಿಂತ ಅರ್ಧಕ್ಕೂ ಕಡಿಮೆ ಬೆಲೆಯ ಒಂದನ್ನು ಮೊದಲು ಕೊಂಡು ನಾಲ್ಕು ತಿಂಗಳು ಒದ್ದಾಡಿದೆ. ನಡುವೆ ಒಂದು ವಾರ ಎನ್‌ವಿಎಂಇ ಅನ್ನುವ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿ ಕೂಡ ಹಾಕಿ ನೋಡಿದೆ. ಮೂರನ್ನೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ.

ನಾನು ವಿಜಯಪುರದಲ್ಲಿ ಮನೆಯಲ್ಲೇ ಕೂತು ಲಗ್ನದ ಆಲ್ಬಮ್ ಡಿಸೈನ್ ಮಾಡುತ್ತೇನೆ. ಫೋಟೋಗ್ರಾಫರ್ ರಾತ್ರಿ ಕಾರ್ಡ್ ತರುತ್ತಾನೆ. ಬೆಳಿಗ್ಗೆ ಇನ್ನೊಂದು ಲಗ್ನ ಇರುತ್ತದೆ, ಕಾರ್ಡ್ ಖಾಲಿಯಾಗಬೇಕು. ಹಾಗಾಗಿ ಕಾಪಿ ಮುಗಿಯುವವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ನನ್ನ ಕಂಪ್ಯೂಟರ್ 2013ರದ್ದು. ಬಿ75 ಮದರ್‌ಬೋರ್ಡ್, ಮೂರನೇ ತಲೆಮಾರಿನ ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್. ಬದಲಾಯಿಸುವ ಬಜೆಟ್ ಇಲ್ಲ, ಸದ್ಯಕ್ಕೆ ಬೇಕಾಗಿಯೂ ಇಲ್ಲ.

2024ರ ಜನವರಿ. ಸಿದ್ಧೇಶ್ವರ ಜಾತ್ರೆ ಮುಗಿದ ವಾರ ಒಂದು ಅಂಗಡಿಯಲ್ಲಿ 512 ಜಿಬಿ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನಂತೆ ಕೇಬಲ್ಲಿನಿಂದ ಬೋರ್ಡಿಗೆ ಜೋಡಿಸುವಂಥದ್ದು) ತಗೊಂಡೆ. 1,900 ರೂಪಾಯಿ. ಹೆಸರು ನಾನು ಕೇಳಿದ್ದಲ್ಲ. ಅಂಗಡಿಯ ಹುಡುಗ "ಅಣ್ಣಾರ, ಛಲೋ ಐತ್ರಿ, ನೀವ ನೋಡ್ರಿ" ಅಂತ ಡ್ರೈವಿನ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿ ತೋರಿಸಿದ. ಓದುವ ವೇಗ ಸೆಕೆಂಡಿಗೆ 500 ಎಂಬಿಯ ಮೇಲೆ, ಬರೆಯುವುದೂ ಹೆಚ್ಚುಕಡಿಮೆ ಅಷ್ಟೇ. ಹಳೇ ಹಾರ್ಡ್ ಡಿಸ್ಕಿನ ಮುಂದೆ ಅದು ಕುದುರೆ ಅಲ್ವಾ? ಮೊದಲ ತಿಂಗಳು ಹಾಗೇ ಓಡಿತು.

ಫೆಬ್ರವರಿ ಕೊನೆಗೆ ಡ್ರೈವ್ ಮುಕ್ಕಾಲು ಭಾಗ ತುಂಬಿತು. ಆಗ ತೊಂದರೆ ಶುರುವಾಯಿತು. 60 ಜಿಬಿ ತುಂಬಿದ ಕಾರ್ಡ್ ಹಾಕಿದರೆ ಮೊದಲ 20 ಜಿಬಿ ಸೆಕೆಂಡಿಗೆ 90 ಎಂಬಿಯಂತೆ ಬರುತ್ತಿತ್ತು. ನನ್ನ ಕಾರ್ಡ್ ರೀಡರ್ ಕೊಡುವುದೇ ಅಷ್ಟು. ಆಮೇಲೆ ಕಾಪಿ ಕಿಟಕಿಯ ಹಸಿರು ಗೆರೆ ಒಮ್ಮೆಲೇ ಕುಸಿಯುತ್ತಿತ್ತು. 35. ಒಮ್ಮೊಮ್ಮೆ ಸೊನ್ನೆ. ಟಾಸ್ಕ್ ಮ್ಯಾನೇಜರ್ ತೆಗೆದರೆ ಡಿಸ್ಕ್ 100%. ಮೌಸ್ ಓಡಾಡುತ್ತದೆ, ಆದರೆ ಏನು ಒತ್ತಿದರೂ ತೆರೆಯುವುದಿಲ್ಲ. ಹನ್ನೆರಡು ನಿಮಿಷದ ಕಾಪಿಗೆ ಇಪ್ಪತ್ಮೂರು ನಿಮಿಷ. ರಾತ್ರಿ ಹನ್ನೊಂದಕ್ಕೆ ಫೋಟೋಗ್ರಾಫರ್ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಒಳಗಿಂದ ಹೆಂಡತಿ "ಇನ್ನಾ ಮುಗೀಲಿಲ್ಲೇನ್ರಿ?" ಅಂತ ಕೇಳುತ್ತಿದ್ದಳು.

ಮೊದಲು ವಿಂಡೋಸ್ ಮೇಲೆ ಅನುಮಾನ ಬಂತು. ಒಂದು ಭಾನುವಾರ ಪೂರ್ತಿ ಕೂತು ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿದೆ. ಇದು ಪುಕ್ಕಟೆ ಸಿಗುತ್ತದೆ, ಎಸ್‌ಎಸ್‌ಡಿ ಇದ್ದವರೆಲ್ಲ ಒಮ್ಮೆ ತೆರೆದು ನೋಡಲೇಬೇಕು. ಅದರಲ್ಲಿ ಟ್ರಾನ್ಸ್‌ಫರ್ ಮೋಡ್ ಅಂತ ಒಂದು ಸಾಲು ಇದೆ. ನನ್ನದರಲ್ಲಿ "ಸಾಟಾ/300 | ಸಾಟಾ/600" ಅಂತ ಬಂತು. ಎಡಗಡೆಯದು ಈಗ ಓಡುತ್ತಿರುವ ವೇಗ, ಬಲಗಡೆಯದು ಡ್ರೈವಿಗೆ ಸಾಧ್ಯವಿರುವ ವೇಗ. ಅಂದರೆ ಡ್ರೈವ್ ಅರ್ಧ ವೇಗದ ಪೋರ್ಟಿನಲ್ಲಿ ಕೂತಿತ್ತು.

ಇಂಟೆಲ್‌ನ ಬಿ75 ಚಿಪ್‌ಸೆಟ್‌ನಲ್ಲಿ, ಅಂದರೆ ಬೋರ್ಡಿನ ಪೋರ್ಟುಗಳನ್ನು ನಡೆಸುವ ಚಿಪ್ಪಿನಲ್ಲಿ, ಆರು ಸಾಟಾ ಪೋರ್ಟ್ ಇರುತ್ತವೆ. ಅವುಗಳಲ್ಲಿ 6 ಗಿಗಾಬಿಟ್‌ನದ್ದು (ಸಾಟಾ/600) ಒಂದೇ ಒಂದು, ಉಳಿದ ಐದೂ 3 ಗಿಗಾಬಿಟ್ (ಸಾಟಾ/300). ಎಚ್61 ಬೋರ್ಡ್ ಇದ್ದವರಿಗೆ ಚಿಪ್‌ಸೆಟ್‌ನಿಂದ ಆ ಒಂದೂ ಸಿಗುವುದಿಲ್ಲ. ನನ್ನ ಬೋರ್ಡಿನಲ್ಲಿ ಆ ಒಂದು ಪೋರ್ಟಿನ ಬಣ್ಣವೇ ಬೇರೆ ಇತ್ತು, ಅದರಲ್ಲಿ ಹಳೇ ಹಾರ್ಡ್ ಡಿಸ್ಕ್ ಕೂತಿತ್ತು. ಎರಡನ್ನೂ ಅದಲುಬದಲು ಮಾಡಿದೆ. ಓದುವ ವೇಗ 270ರಿಂದ 530ಕ್ಕೆ ಏರಿತು.

ಅದೇ ಹೊತ್ತಿಗೆ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್, ಕೂಡ ನೋಡಿದೆ. ಸಾಟಾ ಮೋಡ್ ಹಳೇ ಪದ್ಧತಿಯ ಐಡಿಇ ಮೇಲಿತ್ತು, ಹೊಸ ಪದ್ಧತಿಯ ಎಎಚ್‌ಸಿಐ ಆಗಬೇಕಿತ್ತು. ಐಡಿಇಯಲ್ಲಿ ಒಟ್ಟಿಗೆ ಬಂದ ಬೇಡಿಕೆಗಳನ್ನು ಡ್ರೈವ್ ಸಾಲಾಗಿ ಇಟ್ಟುಕೊಂಡು ನಿಭಾಯಿಸಲು ಆಗುವುದಿಲ್ಲ. ಇಲ್ಲೊಂದು ಎಚ್ಚರ. ಬಯಾಸ್‌ನಲ್ಲಿ ಸುಮ್ನೆ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಕಿಟಕಿಯಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ಆಮೇಲೆ ರೀಸ್ಟಾರ್ಟ್ ಕೊಟ್ಟು ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ಒಮ್ಮೆ ಸೇಫ್ ಮೋಡಿನಲ್ಲಿ ತೆರೆದ ಮೇಲೆ ಆ ಟಿಕ್ ತೆಗೆದುಬಿಡಿ. ನನಗೆ ಹೀಗೆ ಒಂದೇ ಸಲಕ್ಕೆ ಆಯಿತು.

ಕೇಬಲ್ಲನ್ನೂ ಬದಲಾಯಿಸಿದೆ, 80 ರೂಪಾಯಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಸಿ7 ಸಾಲಿನ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪು) ಎಣಿಕೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ಲಿನದೇ ತಪ್ಪು.

ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರ್ ಆನ್ ಆಗುವುದು ಚುರುಕಾಯಿತು, ಫೋಟೋಶಾಪ್ ಬೇಗ ತೆರೆಯಿತು. ಆದರೆ ಕಾರ್ಡ್ ಕಾಪಿ? ಅದೇ 20 ಜಿಬಿ, ಅದೇ ಕುಸಿತ, ಅದೇ ಇಪ್ಪತ್ಮೂರು ನಿಮಿಷ. ಡ್ರೈವಿನ ಮೇಲಿನ ನಂಬಿಕೆ ಅವತ್ತು ಹೋಯಿತು.

ಕಾರಣ ಡ್ರೈವಿನ ಒಳಗೇ ಇತ್ತು. ನಮ್ಮ ಎಪಿಎಂಸಿಯಲ್ಲಿ ಗಾಡಿ ಬಂದ ಕೂಡಲೇ ಮೂಟೆಗಳನ್ನು ಹೊರಗಿನ ಕಟ್ಟೆಗೆ ಇಳಿಸುತ್ತಾರೆ. ಹಮಾಲರು ನಿಧಾನಕ್ಕೆ ಒಳಗೆ ಒಯ್ದು ಒಟ್ಟುತ್ತಾರೆ. ಕಟ್ಟೆ ತುಂಬಿದರೆ ಹಿಂದಿನ ಗಾಡಿ ನಿಂತೇ ಇರಬೇಕು. ಎಸ್‌ಎಸ್‌ಡಿಯಲ್ಲಿ ಆ ಕಟ್ಟೆಗೆ ಎಸ್‌ಎಲ್‌ಸಿ ಕ್ಯಾಶ್ ಅಂತಾರೆ. ಒಂದು ಸೆಲ್ಲಿನಲ್ಲಿ ಒಂದೇ ಬಿಟ್ ಬೇಗಬೇಗ ಬರೆದಿಟ್ಟುಕೊಂಡು, ಆಮೇಲೆ ಅದನ್ನು ಮೂರು ಬಿಟ್ ಇರುವ ಟಿಎಲ್‌ಸಿ ಅಥವಾ ನಾಲ್ಕು ಬಿಟ್ ಇರುವ ಕ್ಯೂಎಲ್‌ಸಿ ಸೆಲ್ಲುಗಳಿಗೆ ಒತ್ತಿ ತುಂಬುವುದು. ಅಗ್ಗದ ಡ್ರೈವುಗಳು ಈ ಕಟ್ಟೆಯನ್ನು ಬಹುಮಟ್ಟಿಗೆ ಖಾಲಿ ಜಾಗದಲ್ಲೇ ಕಟ್ಟಿಕೊಳ್ಳುತ್ತವೆ. ಡ್ರೈವ್ ತುಂಬುತ್ತಾ ಹೋದಂತೆ ಕಟ್ಟೆ ಚಿಕ್ಕದಾಗುತ್ತದೆ. ನನ್ನದರಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಇಟ್ಟುಕೊಳ್ಳುವ ಡಿರ‍್ಯಾಮ್ ಚಿಪ್ ಕೂಡ ಇರಲಿಲ್ಲ.

ಅಂಗಡಿಯ ಪರೀಕ್ಷೆಯಲ್ಲಿ ಇದು ಗೊತ್ತಾಗದಿದ್ದದ್ದೂ ಇದಕ್ಕೇ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಾನಾಗಿ ಬರೆಯುವುದು 1 ಜಿಬಿ ಫೈಲ್. ಅಷ್ಟಕ್ಕೆ ಯಾವ ಕಟ್ಟೆಯೂ ತುಂಬುವುದಿಲ್ಲ. ನಿಮ್ಮ ಡ್ರೈವಿನ ನಿಜವಾದ ಬಣ್ಣ ನೋಡಬೇಕಿದ್ದರೆ ಫೈಲ್ ಅಳತೆಯನ್ನು 32 ಜಿಬಿ ಮಾಡಿ ಓಡಿಸಿ. ಇಲ್ಲವೇ ನನ್ನ ಹಾಗೆ ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಿ ಆ ಹಸಿರು ಗೆರೆಯನ್ನೇ ನೋಡುತ್ತಾ ಕೂರಿ.

ಇನ್ನು ಎನ್‌ವಿಎಂಇ. ಮೇ ತಿಂಗಳಲ್ಲಿ ಸೋದರಮಾವನ ಮಗ ತನ್ನ ಹತ್ತಿರ ಸುಮ್ಮನೆ ಬಿದ್ದಿದ್ದ ಒಂದನ್ನು ಕೊಟ್ಟ. ನನ್ನ ಬೋರ್ಡಿನಲ್ಲಿ ಅದು ಕೂರುವ ಎಂ.2 ಜಾಗ ಇಲ್ಲ, ಕಾರ್ಡ್ ಹಾಕುವ ಪಿಸಿಐಇ ಸ್ಲಾಟಿನಲ್ಲಿ ಕೂರಿಸಲು 400 ರೂಪಾಯಿಯ ಅಡಾಪ್ಟರ್ ತಂದೆ. ವೇಗದ ಬಗ್ಗೆ ಎರಡು ಮಾತಿಲ್ಲ. ಓದುವುದು 1,500 ದಾಟಿತು, ಕಾರ್ಡ್ ಕಾಪಿ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಆದರೆ ಆ ಕಾಲದ ಬಯಾಸ್‌ಗೆ ಎನ್‌ವಿಎಂಇಯಿಂದ ವಿಂಡೋಸ್ ಶುರು ಮಾಡಲು ಬರುವುದಿಲ್ಲ. ಬಯಾಸ್ ತಿದ್ದಿಸಿಕೊಂಡವರು ಇದ್ದಾರೆ. ಅನ್ನ ಕೊಡುವ ಬೋರ್ಡಿನ ಮೇಲೆ ಆ ಪ್ರಯೋಗ ಮಾಡಲು ನನಗೆ ಧೈರ್ಯ ಬರಲಿಲ್ಲ. ಮೇಲೆ ಬಿಸಿ. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ನನ್ನ ಕೋಣೆಯಲ್ಲಿ ಇರುವುದು ಫ್ಯಾನ್ ಮಾತ್ರ. ಮಧ್ಯಾಹ್ನ ದೊಡ್ಡ ಕಾಪಿ ಹಚ್ಚಿದರೆ ಡ್ರೈವ್ 75 ಡಿಗ್ರಿ ತೋರಿಸಿ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಹೊಸ ಬೋರ್ಡ್ ಇದ್ದವರು, ಮೇಲೊಂದು ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ಪಟ್ಟಿ) ಹಾಕಿಕೊಳ್ಳುವವರು ಕಣ್ಣುಮುಚ್ಚಿ ಎನ್‌ವಿಎಂಇ ತಗೊಳ್ಳಬಹುದು.

ವಾರದ ನಂತರ ಅದನ್ನು ವಾಪಸ್ ಕೊಟ್ಟು 4,800 ಕೊಟ್ಟು 870 ಇವೊ ತಂದೆ. ಟಿಎಲ್‌ಸಿ, ಒಳಗೆ 512 ಎಂಬಿ ಡಿರ‍್ಯಾಮ್, ಐದು ವರ್ಷದ ವಾರಂಟಿ. ಇದಕ್ಕೂ ಕಟ್ಟೆ ಇದೆ, 22 ಜಿಬಿಯದ್ದು. ಆದರೆ ಕಟ್ಟೆ ತುಂಬಿದ ಮೇಲೂ ಇದು ಸೆಕೆಂಡಿಗೆ 300 ಎಂಬಿಯಷ್ಟು ಬರೆಯುತ್ತದೆ. ನನ್ನ ರೀಡರ್ ಕೊಡುವುದು 90. ಹಾಗಾಗಿ ಗೆರೆ ಕೊನೆಯವರೆಗೂ ಅಲ್ಲಾಡದೆ ಹೋಗುತ್ತದೆ. ಮೊದಲ ರಾತ್ರಿ 60 ಜಿಬಿ ಕಾರ್ಡ್ ಕಾಪಿ ಆಗುತ್ತಿರುವಾಗಲೇ ಪಕ್ಕದಲ್ಲಿ ಫೋಟೋಶಾಪ್ ತೆರೆದು ಹಿಂದಿನ ಲಗ್ನದ ಅಕ್ಷತೆಯ ಪುಟ ಜೋಡಿಸಿದೆ. ಒಂದು ಕ್ಲಿಕ್ಕೂ ತಡವಾಗಲಿಲ್ಲ. ಎಷ್ಟು ನೆಮ್ಮದಿ ಆಯಿತು ಅಂತ ಹೇಳಲಾರೆ.

ಎಲ್ಲರೂ ಇದನ್ನೇ ಕೊಳ್ಳಿ ಅನ್ನುವುದಿಲ್ಲ. ಬಿಲ್ ಟೈಪ್ ಮಾಡುವುದು, ಮಕ್ಕಳ ಆನ್‌ಲೈನ್ ಪಾಠ, ಇಷ್ಟೇ ಇದ್ದರೆ ಅಗ್ಗದ್ದೂ ನಡೆಯುತ್ತದೆ, ಅರ್ಧ ಖಾಲಿ ಇಟ್ಟುಕೊಳ್ಳಬೇಕು ಅಷ್ಟೇ. ದುಡ್ಡು ಹಾಕುವ ಮುಂಚೆ ಪೋರ್ಟ್, ಎಎಚ್‌ಸಿಐ, ಕೇಬಲ್ ನೋಡಿಬಿಡಿ. ವಿಂಡೋಸ್‌ನ ಆಪ್ಟಿಮೈಜ್ ಡ್ರೈವ್ಸ್‌ನಲ್ಲಿ ವಾರಕ್ಕೊಮ್ಮೆ ಓಡುವ ಹಾಗೆ ಇದೆಯಾ ಅಂತಲೂ ನೋಡಿ. ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಎಂದು ಡ್ರೈವಿಗೆ ತಿಳಿಸುವ ಟ್ರಿಮ್ ಕೆಲಸ ಅಲ್ಲಿಂದ ಆಗುತ್ತದೆ. ನಾನಂತೂ ಹೊಸ ಡ್ರೈವಿನಲ್ಲಿ 100 ಜಿಬಿ ಯಾವಾಗಲೂ ಖಾಲಿ ಬಿಡುತ್ತೇನೆ. ಆಲ್ಬಮ್ ಮುಗಿದ ದಿನವೇ ಅದರ ಕಚ್ಚಾ ಫೋಟೋಗಳು ಹಾರ್ಡ್ ಡಿಸ್ಕಿಗೆ ಹೋಗುತ್ತವೆ.

ಆ 1,900 ರೂಪಾಯಿಯ ಡ್ರೈವ್ ಈಗ ಒಂದು ಯುಎಸ್‌ಬಿ ಡಬ್ಬಿಯಲ್ಲಿದೆ. ಮುಗಿದ ಆಲ್ಬಮ್ ಫೈಲುಗಳನ್ನು ಅದರಲ್ಲಿ ಹಾಕಿ ಪ್ರಿಂಟಿಗೆ ಸೊಲ್ಲಾಪುರಕ್ಕೆ ಕಳಿಸುತ್ತೇನೆ. ಒಂದು ಸಲಕ್ಕೆ ನಾಲ್ಕೈದು ಜಿಬಿ. ಅಷ್ಟಕ್ಕೆ ಅದು ಇವತ್ತಿಗೂ ಚುರುಕಾಗಿದೆ.