ಪಾರೆಗೆ ಫೋನು, ಗೇರು ಗುಡ್ಡೆಗೆ ಪೇಪರು: ನಕ್ಷೆ ಮಾಡುತ್ತಾ ಓಡಿದ ಒಂದು ಬೇಸಿಗೆ

ಈ ಬೇಸಿಗೆಯಲ್ಲಿ ನನಗೆ ಎರಡು ಕೆಲಸ ಇದ್ದವು. ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಗೆ, ನಮ್ಮ ಊರಿನ ಹುಡುಗರಿಗೆ ಓರಿಯೆಂಟಿಯರಿಂಗ್ ಓಟ ಇಡಬೇಕು. ಅದಕ್ಕೆ ಎರಡು ಜಾಗದ ನಕ್ಷೆ ಆಗಬೇಕು. ಅದರ ನಡುವೆ ನನ್ನ ಓಟದ ಅಭ್ಯಾಸ, ವಾರಕ್ಕೆ ಐದು ದಿನ, ತಪ್ಪಬಾರದು. ನಕ್ಷೆಗೆ ಫೋನ್ ಒಳ್ಳೆಯದೋ ಪೇಪರ್ ಒಳ್ಳೆಯದೋ ಅಂತ ತುಂಬ ಜನ ಕೇಳುತ್ತಾರೆ. ನಾನು ಎರಡೂ ಜಾಗವನ್ನು ಅರ್ಧ ಅರ್ಧ ಮಾಡಿದೆ. ಒಂದು ಅರ್ಧ ಫೋನಿನಲ್ಲಿ, ಇನ್ನೊಂದು ಅರ್ಧ ಪೇಪರಿನಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೈಯಲ್ಲಿ ನಕ್ಷೆ, ದಿಕ್ಸೂಚಿ. ಗುಡ್ಡೆಯಲ್ಲಿ ಅಲ್ಲಲ್ಲಿ ಕಿತ್ತಳೆ-ಬಿಳಿ ಬಾವುಟ. ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಮುಟ್ಟಿ ಬೇಗ ಬರಬೇಕು, ನಡುವಿನ ದಾರಿ ನಿಮ್ಮ ಇಷ್ಟ. ನಕ್ಷೆಯಲ್ಲಿ ಹಳದಿ ಅಂದರೆ ಬಯಲು, ಬಿಳಿ ಅಂದರೆ ಸಲೀಸಾಗಿ ಓಡಬಹುದಾದ ಕಾಡು, ಹಸಿರು ದಟ್ಟವಾದಷ್ಟೂ ನುಗ್ಗುವುದು ಕಷ್ಟ. ನಕ್ಷೆ ತಪ್ಪಿದ್ದರೆ ಓಡುವವರು ದಾರಿ ತಪ್ಪುತ್ತಾರೆ, ಅದು ಅವರ ತಪ್ಪೂ ಅಲ್ಲ.

ಫೋನಿನಲ್ಲಿ ನಾನು ಬಳಸಿದ್ದು ಓಪನ್‌ಓರಿಯೆಂಟಿಯರಿಂಗ್ ಮ್ಯಾಪರ್ ಅನ್ನುವ ನಕ್ಷೆಯ ಆ್ಯಪ್. ಉಚಿತ. ಉಪಗ್ರಹ ಚಿತ್ರದ ಮೇಲೆ, ಜಿಪಿಎಸ್ ಚುಕ್ಕೆ ನೋಡಿಕೊಂಡು, ನಿಂತಲ್ಲೇ ಬೆರಳಲ್ಲಿ ಗೆರೆ ಎಳೆಯಬಹುದು. ಪೇಪರಿಗೆ ಅದೇ ಉಪಗ್ರಹ ಚಿತ್ರವನ್ನು 1:5,000 ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಹಲಗೆಗೆ ಅಂಟಿಸಿ, ಮೇಲೆ ಡ್ರಾಫ್ಟಿಂಗ್ ಫಿಲ್ಮ್, ಅಂದರೆ ಪೆನ್ಸಿಲಿನಲ್ಲಿ ಬರೆಯಬಹುದಾದ ಅರೆಪಾರದರ್ಶಕ ಹಾಳೆ, ಹಾಸಿದೆ. ಆ ಅಳತೆಯಲ್ಲಿ 1 ಸೆಂಟಿಮೀಟರ್ ಅಂದರೆ 50 ಮೀಟರ್. ಪೆನ್ಸಿಲು, ದಿಕ್ಸೂಚಿ, ಹೆಜ್ಜೆ ಲೆಕ್ಕ, ಇಷ್ಟೇ. ದುಡ್ಡು ಕೊಟ್ಟು ತಗೊಳ್ಳುವ ಓಕ್ಯಾಡ್ ಅನ್ನುವ ನಕ್ಷೆ ತಂತ್ರಾಂಶವನ್ನೂ ಸ್ನೇಹಿತರ ಕಂಪ್ಯೂಟರಿನಲ್ಲಿ ನೋಡಿದೆ. ಚೆನ್ನಾಗಿದೆ, ಆದರೆ ವರ್ಷಕ್ಕೆ ಎರಡು ನಕ್ಷೆ ಮಾಡುವವರಿಗೆ ಮ್ಯಾಪರ್ ಧಾರಾಳ ಸಾಕು.

ಮೊದಲು ಕಾಸರಗೋಡಿನ ಬಾಯಾರುಪದವಿನ ಕಡೆಯ ಪಾರೆ. ಮುರಕಲ್ಲಿನ ಬೋಳು ನೆಲ, ಒಣಗಿದ ಮುಳಿಹುಲ್ಲು, ಹಳೆಯ ಕಲ್ಲುಕೋರೆಗಳು, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಪಳ್ಳಗಳು. ಇಲ್ಲಿ ಫೋನೇ ಗೆದ್ದಿತು, ಅನುಮಾನವೇ ಇಲ್ಲ. ತಲೆ ಮೇಲೆ ಮರ ಇಲ್ಲದ್ದರಿಂದ ಜಿಪಿಎಸ್ ಮೂರ್ನಾಲ್ಕು ಮೀಟರಿಗಿಂತ ಜಾಸ್ತಿ ಅಲುಗಲಿಲ್ಲ, ಕೋರೆಯ ಅಂಚುಗಳು ಉಪಗ್ರಹ ಚಿತ್ರದಲ್ಲೇ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಕಾಣುತ್ತವೆ, ನಾನು ನಡೆದು ಹೋಗಿ ಯಾವುದು ಆಳ, ಯಾವುದರಲ್ಲಿ ಇಳಿಯಬಹುದು ಅಂತ ನೋಡಿ ಬರೆದರೆ ಆಯಿತು. ಫೋನಿನ ಅರ್ಧಕ್ಕೆ 8 ಗಂಟೆ ಹಿಡಿಯಿತು, ಪೇಪರಿನ ಅರ್ಧಕ್ಕೆ 13. ಆದರೆ ಒಂದು ವಿಷಯ ಹೇಳಬೇಕು. ಬೆಳಿಗ್ಗೆ ಒಂಬತ್ತೂವರೆ ದಾಟಿದರೆ ಪಾರೆಯ ಮೇಲೆ ಫೋನ್ ಕೆಲಸಕ್ಕೆ ಬರುವುದಿಲ್ಲ. ಕಾದು, ಸ್ಕ್ರೀನ್ ತಾನಾಗಿ ಮಂಕಾಗುತ್ತದೆ. ಹಣೆಯ ಬೆವರು ಒಂದು ಹನಿ ಸ್ಕ್ರೀನಿಗೆ ಬಿದ್ದರೆ ಅದೂ ಬೆರಳು ಅಂತಲೇ ಲೆಕ್ಕ. ಒಂದು ದಿನ ಮನೆಗೆ ಬಂದು ನೋಡಿದರೆ ಬಯಲಿನ ನಡುವೆ ಇಲ್ಲದ ಎರಡು ಬೇಲಿಗಳು ಇದ್ದವು. ಆಮೇಲೆ ಸೊಂಟಕ್ಕೆ ಒಂದು ಬೈರಾಸು ಸಿಕ್ಕಿಸಿಕೊಂಡೇ ಹೊರಟೆ.

ಮುಳ್ಳೇರಿಯದ ಹತ್ತಿರದ ಗೇರು ಗುಡ್ಡೆಯ ಕಥೆ ಬೇರೆ. ಗೇರು ಮರ ಎತ್ತರಕ್ಕಿಂತ ಅಗಲಕ್ಕೆ ಬೆಳೆಯುತ್ತದೆ, ಕೊಂಬೆ ನೆಲಕ್ಕೆ ತಾಗುವಷ್ಟು. ಮೇಲಿಂದ ನೋಡಿದರೆ ಬರೀ ಹಸಿರು ಹಾಸು. ಕೆಳಗೆ ಏನಿದೆ ಅಂತ ಉಪಗ್ರಹ ಚಿತ್ರ ಹೇಳುವುದಿಲ್ಲ, ಮರದಡಿ ಜಿಪಿಎಸ್ ಚುಕ್ಕೆಯೂ ಅತ್ತಿತ್ತ ಓಡಾಡುತ್ತದೆ. ಆ ಗುಡ್ಡೆಯಲ್ಲಿ ಓಡುವವರಿಗೆ ದೊಡ್ಡ ಆಧಾರ ಅಂದರೆ ಅಗಳು. ಜಾಗದ ಗಡಿಗೆ ತೋಡಿದ, ಆಳೆತ್ತರದ ಕಣಿ. ಅದು ನೇರವಾಗಿ ಗುಡ್ಡೆ ಹತ್ತುತ್ತದೆ. ಫೋನ್ ಹಿಡಿದು ಅದರ ಅಂಚಿನಲ್ಲೇ ನಡೆದೆ, ಗೆರೆ ಮಾತ್ರ ಹಾವು ಹರಿದ ಹಾಗೆ ಬಂತು, ಕೆಲವು ಕಡೆ 12 ಮೀಟರ್ ಆಚೆಗೆ. ಓಡುವವರ ಕೈಗೆ ಕೊಡುವ 1:10,000ದ ನಕ್ಷೆಯಲ್ಲಿ ಅದು 1 ಮಿಲಿಮೀಟರಿಗಿಂತ ಜಾಸ್ತಿ. ಅಂದರೆ ಅಗಳಿನ ಆಚೆ ಇರಬೇಕಾದ ಬಾವುಟ ಈಚೆ ಬಂದು ಕೂರುತ್ತದೆ.

ಪೇಪರಿನಲ್ಲಿ ಹಾಗಲ್ಲ. ಅಗಳಿನ ಮೂಲೆಯಲ್ಲಿ ನಿಂತು ದಿಕ್ಕು ಹಿಡಿದು, ಜೋಡಿ ಹೆಜ್ಜೆ ಎಣಿಸುತ್ತಾ ಹೋಗುವುದು. ಸಮ ನೆಲದಲ್ಲಿ 100 ಮೀಟರಿಗೆ ನನ್ನದು 64 ಜೋಡಿ ಹೆಜ್ಜೆ, ಒಣ ಗೇರೆಲೆ ಜಾರುವ ಏರಿನಲ್ಲಿ 72. ಈ ಲೆಕ್ಕವನ್ನು ಮೊದಲೇ ಹಗ್ಗ ಹಿಡಿದು ಅಳೆದು ಇಟ್ಟುಕೊಳ್ಳಿ, ಸುಮ್ನೆ ಅಂದಾಜು ಬೇಡ. ನಾನು ಎಡವಿದ್ದು ಇನ್ನೊಂದರಲ್ಲಿ. ಮೊದಲ ದಿನ ಹಲಗೆಗೆ ಕಬ್ಬಿಣದ ಕ್ಲಿಪ್ ಹಾಕಿದ್ದೆ. ದಿಕ್ಸೂಚಿಯನ್ನು ಹಲಗೆಯ ಮೇಲ್ತುದಿಗೆ ಇಟ್ಟಾಗಲೆಲ್ಲ ಮುಳ್ಳು ಕ್ಲಿಪ್ಪಿನ ಕಡೆಗೆ ತಿರುಗುತ್ತಿತ್ತು. ಮೂರು ಗಂಟೆಯ ಕೆಲಸ ಅಳಿಸಿ, ಮರುದಿನ ರಬ್ಬರ್ ಬ್ಯಾಂಡ್ ಹಾಕಿಕೊಂಡು ಮತ್ತೆ ಹೋದೆ. ಫೋನ್ ಕೂಡ ದಿಕ್ಸೂಚಿಯ ಪಕ್ಕ ಇರಬಾರದು, ಬೆನ್ನ ಚೀಲದಲ್ಲಿರಲಿ. ಆ ಮೂರು ಗಂಟೆ ಸೇರಿಸಿಯೂ ಪೇಪರಿನ ಅರ್ಧ 12 ಗಂಟೆಯಲ್ಲಿ ಮುಗಿಯಿತು. ಫೋನಿನ ಅರ್ಧಕ್ಕೆ 14 ಗಂಟೆ ಹಿಡಿದು, ಆಮೇಲೆ ಅಗಳುಗಳನ್ನೆಲ್ಲ ಪೇಪರಿನಲ್ಲೇ ತಿದ್ದಬೇಕಾಯಿತು.

ಎತ್ತರದ ಗೆರೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ, ವಿಷಯದಲ್ಲಿ ಎರಡೂ ವಿಧಾನಕ್ಕೆ ಒಂದೇ ಕಷ್ಟ. ಉಚಿತವಾಗಿ ಸಿಗುವುದು ಎಸ್‌ಆರ್‌ಟಿಎಂ ಅನ್ನುವ ಎತ್ತರದ ಮಾಹಿತಿ, 2000ರಲ್ಲಿ ನಾಸಾದ ಶಟಲ್ ರಾಡಾರಿನಿಂದ ಅಳೆದದ್ದು, ಸುಮಾರು 30 ಮೀಟರಿಗೊಂದು ಬಿಂದು. ಅದರಿಂದ ಕಂಪ್ಯೂಟರ್ 5 ಮೀಟರ್ ಅಂತರದ ಗೆರೆ ಎಳೆದುಕೊಡುತ್ತದೆ, ನೋಡಲಿಕ್ಕೆ ಚಂದ ಇರುತ್ತದೆ, ನಂಬಬೇಡಿ. ರಾಡಾರ್ ಮರದ ನೆತ್ತಿಯನ್ನೂ ನೆಲದ ಲೆಕ್ಕಕ್ಕೆ ಸೇರಿಸುತ್ತದೆ, ಹಾಗಾಗಿ ಗೇರು ತೋಪು ಮುಗಿದಲ್ಲಿ ಇಲ್ಲದ ಇಳಿಜಾರು ಕಾಣಿಸುತ್ತದೆ, ಇರುವ ಬರೆ, ಅಂದರೆ ಕಡಿದಾದ ಮಣ್ಣಿನ ಅಂಚು, ಮಾಯವಾಗುತ್ತದೆ. ನಾನು ಗುಡ್ಡೆಯ ಒಟ್ಟು ಆಕಾರಕ್ಕೆ ಮಾತ್ರ ಅದನ್ನು ಇಟ್ಟುಕೊಂಡು, ಬರೆ, ತೋಡು, ಕೋರೆ ಎಲ್ಲವನ್ನೂ ಕಣ್ಣಲ್ಲಿ ನೋಡಿ ಬಿಡಿಸಿದೆ.

ಈಗ ಓಟ. ಮೊದಲ ಎರಡು ವಾರ ಬೆಳಿಗ್ಗೆ ಓಡಿ, ಗಂಜಿ ಉಂಡು, ಕೂಡಲೇ ನಕ್ಷೆಗೆ ಹೊರಟೆ. ಅದು ಆಗುವುದಿಲ್ಲ. ಕಾಲಿಗಿಂತ ಮೊದಲು ತಲೆ ಸೋಲುತ್ತದೆ. ಸುಸ್ತಾದಾಗ ಮಾಡಿದ ನಕ್ಷೆಯಲ್ಲಿ ಎಲ್ಲ ಕಾಡೂ ಹಸಿರಾಗಿಯೇ ಕಾಣುತ್ತದೆ, ಮರುದಿನ ಹೋಗಿ ನೋಡಿದರೆ ಅರ್ಧ ಬಿಳಿ. ಮುಂದಿನ ವಾರ ಬೆಳಿಗ್ಗೆ ನಕ್ಷೆ, ಸಂಜೆ ವೇಗದ ಓಟ ಅಂತ ಇಟ್ಟೆ. ಬಿಸಿಲಲ್ಲಿ ನಾಲ್ಕು ಗಂಟೆ ನಿಂತು ನಡೆದ ದಿನ ಸಂಜೆ ಕಾಲು ಮರದ ಕೊರಡು. ಕೊನೆಗೆ ಉಳಿದದ್ದು ಹೀಗೆ: ಮಂಗಳವಾರ ಮತ್ತು ಶನಿವಾರ ಬೆಳಿಗ್ಗೆ ಆರರಿಂದ ಒಂಬತ್ತೂವರೆ ನಕ್ಷೆ ಮಾತ್ರ, ಬಂದು ಎರಡು ಬೊಂಡ ಕುಡಿದು ವಿಶ್ರಾಂತಿ, ಓಟದ ಐದು ದಿನಗಳಲ್ಲಿ ನಕ್ಷೆಯ ಹಲಗೆ ಮುಟ್ಟುವುದೇ ಇಲ್ಲ. ನಡೆದದ್ದು ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಆದರೂ ಅದನ್ನು ಅಭ್ಯಾಸದ ಲೆಕ್ಕಕ್ಕೆ ಬರೆಯಲಿಲ್ಲ.

ನಕ್ಷೆ, ಓಟ ಎರಡೂ ಕೂಡಿ ಬಂದದ್ದು ಒಂದೇ ಕಡೆ, ಕೋರ್ಸ್, ಅಂದರೆ ಬಾವುಟಗಳ ಸಾಲು, ಹಾಕುವಾಗ. ಪರ್ಪಲ್ ಪೆನ್ ಅನ್ನುವ ಉಚಿತ ತಂತ್ರಾಂಶದಲ್ಲಿ ಕೋರ್ಸ್ ಬಿಡಿಸಿ, ಬಾವುಟ ಬರುವ ಜಾಗಕ್ಕೆಲ್ಲ ರಿಬ್ಬನ್ ಕಟ್ಟಿ, ಭಾನುವಾರದ ದೂರದ ಓಟವನ್ನು ಅದರ ಮೇಲೆಯೇ ಓಡಿದೆ. ಸ್ಕ್ರೀನಿನಲ್ಲಿ ಸೊಗಸಾಗಿ ಕಂಡ ಮೂರನೆಯ ಬಾವುಟಕ್ಕೆ ಹೋದ ದಾರಿಯಲ್ಲೇ ವಾಪಸ್ ಬರಬೇಕಿತ್ತು, ಎದುರು ಬರುವವನನ್ನು ನೋಡಿದರೇ ಜಾಗ ಗೊತ್ತಾಗುತ್ತದೆ. ಅದು ಕಾಲಿಗೆ ತಿಳಿಯಿತು, ಕಂಪ್ಯೂಟರಿಗೆ ಅಲ್ಲ. ಸಮಯದ ಅಂದಾಜಿಗೆ ಮಾತ್ರ ನಿಮ್ಮ ಓಟವನ್ನು ನಂಬಬೇಡಿ. ನನಗೆ 37 ನಿಮಿಷ ಆದದ್ದು, ಆ ಗುಡ್ಡೆಯನ್ನೇ ನೋಡದ ಚಿಕ್ಕಪ್ಪನ ಮಗನಿಗೆ 58 ನಿಮಿಷ ಆಯಿತು. ಅವನು ನನಗಿಂತ ಚೆನ್ನಾಗಿ ಓಡುತ್ತಾನೆ.

ಪಾರೆಯ ಪಕ್ಕದ ಮನೆಯ ಅಜ್ಜನ ಹತ್ತಿರ ಅನುಮತಿ ಕೇಳಲು ಹೋದಾಗ ಅವರು ನಕ್ಷೆಯನ್ನು ತುಂಬ ಹೊತ್ತು ನೋಡಿ, "ಈ ಕೋರೆಯ ಬದಿಗೆ ಮಾತ್ರ ಮಕ್ಕಳನ್ನು ಬಿಡಬೇಡಿ ಮಾರಾಯ್ರೇ, ಒಂದು ಮಳೆ ಬಂದರೆ ಅಂಚು ಜಾರುತ್ತದೆ" ಅಂದರು. ಅಲ್ಲಿದ್ದ ಐದನೆಯ ಬಾವುಟ ತೆಗೆದು, ಆ ಕೋರೆಯ ಸುತ್ತ ನೇರಳೆ ಅಡ್ಡಗೆರೆ ಹಾಕಿದೆ, ಅಂದರೆ ಪ್ರವೇಶ ಇಲ್ಲ. ಗೇರು ಗುಡ್ಡೆಯ ಬಿಳಿ ಕೂಡ ಈ ಓಟಕ್ಕೆ ಮಾತ್ರ. ಗೇರುಬೀಜ ಹೆಕ್ಕಲು ಮರದಡಿ ಸವರಿ ಸ್ವಚ್ಛ ಮಾಡಿದ್ದಾರೆ, ಮಳೆ ಬಿದ್ದರೆ ಅಲ್ಲಿ ಕಮ್ಯೂನಿಸ್ಟ್ ಗಿಡ ಅನ್ನುವ ಕಳೆ ಸೊಂಟದವರೆಗೆ ಏಳುತ್ತದೆ. ನಕ್ಷೆಯ ಮೂಲೆಯಲ್ಲಿ "ಏಪ್ರಿಲ್‌ನಲ್ಲಿ ನೋಡಿದ್ದು" ಅಂತ ಬರೆದಿದ್ದೇನೆ. ಡಿಸೆಂಬರಿನಲ್ಲಿ ಪುನಃ ಓಟ ಇಡುವುದಾದರೆ ಆ ಗುಡ್ಡೆಗೆ ಹಲಗೆ, ಪೆನ್ಸಿಲು ಹಿಡಿದು ಮೊದಲಿನಿಂದ ನಡೆಯಬೇಕು.