‘ಇರು’: ಇರಾವತಿ ಕರ್ವೆಯವರ ಬದುಕಿನ ಕಥನ

ಇರಾವತಿ ಕರ್ವೆ (1905–1970) ಎಂದರೆ ಸಾಹಿತ್ಯಾಸಕ್ತರಿಗೆ ಮೊದಲು ನೆನಪಾಗುವುದು ‘ಯುಗಾಂತ’. ಮಹಾಭಾರತದ ಪಾತ್ರಗಳನ್ನು ದೈವತ್ವದ ಹೊದಿಕೆ ಸರಿಸಿ ನೋಡಿದ ಆ ಮರಾಠಿ ಕೃತಿಗೆ 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಆದರೆ ಅವರ ವೃತ್ತಿ ಮಾನವಶಾಸ್ತ್ರ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1939ರಿಂದ ಮೂರು ದಶಕ ಅವರು ಮಾಡಿದ್ದು ಆ ಕೆಲಸವನ್ನೇ. 2024ರಲ್ಲಿ ಸ್ಪೀಕಿಂಗ್ ಟೈಗರ್ ಪ್ರಕಟಿಸಿದ ‘ಇರು’ ಎಂಬ ಇಂಗ್ಲಿಷ್ ಜೀವನಚರಿತ್ರೆ ಅವರ ಬದುಕಿನ ಈ ಭಾಗಕ್ಕೆ ಸಲ್ಲಬೇಕಾದ ಗಮನ ಕೊಡುತ್ತದೆ. ಲೇಖಕರು ಇಬ್ಬರು: ಇರಾವತಿಯವರ ಮೊಮ್ಮಗಳೂ ಕಾದಂಬರಿಕಾರ್ತಿಯೂ ಆದ ಊರ್ಮಿಳಾ ದೇಶಪಾಂಡೆ ಮತ್ತು ಜರ್ಮನಿಯಲ್ಲಿ ಸಂಶೋಧನೆ ನಡೆಸಿದ ಮಾನವಶಾಸ್ತ್ರಜ್ಞ ಥಿಯಾಗೊ ಪಿಂಟೊ ಬಾರ್ಬೋಸಾ.

ಬರ್ಮಾದಲ್ಲಿ ಹುಟ್ಟಿ ಅಲ್ಲಿಯ ನದಿಯ ಹೆಸರನ್ನೇ ಪಡೆದದ್ದು, ಏಳನೆಯ ವಯಸ್ಸಿಗೆ ಓದಲೆಂದು ಪುಣೆಗೆ ಬಂದದ್ದು, ಶಿಕ್ಷಣತಜ್ಞ ಆರ್.ಪಿ. ಪರಾಂಜಪೆಯವರ ಮನೆಯಲ್ಲಿ ಬೆಳೆದದ್ದು, ಮುಂಬಯಿಯಲ್ಲಿ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆಯವರ ಶಿಷ್ಯೆಯಾದದ್ದು, ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಸೊಸೆಯಾದದ್ದು, ಇವೆಲ್ಲ ಹಿಂದೆಯೂ ಅಲ್ಲಲ್ಲಿ ದಾಖಲಾಗಿರುವ ಸಂಗತಿಗಳು. ವಿಧವೆಯರ ಶಿಕ್ಷಣಕ್ಕಾಗಿ ಬದುಕು ಸವೆಸಿದ ಮಾವನವರೇ ಸೊಸೆಯ ಜರ್ಮನಿ ಪ್ರಯಾಣವನ್ನು ಒಪ್ಪಿರಲಿಲ್ಲ. ಕಾಂಗ್ರೆಸ್ ನಾಯಕ ಜೀವರಾಜ ಮೆಹ್ತಾ ಅವರಿಂದ ಸಾಲ ಪಡೆದು ಇರಾವತಿ ಹೊರಟರು. ಸುಧಾರಕರ ಮನೆಯಲ್ಲೂ ಸುಧಾರಣೆಗೊಂದು ಹೊಸ್ತಿಲಿತ್ತು ಎನ್ನಬೇಕು.

ಪುಸ್ತಕದ ತಿರುಳಿರುವುದು ಬರ್ಲಿನ್‌ನ ಭಾಗದಲ್ಲಿ. 1920ರ ದಶಕದ ಕೊನೆಯಲ್ಲಿ ಅವರು ಸೇರಿದ್ದು ಮಾನವಶಾಸ್ತ್ರ, ಆನುವಂಶಿಕತೆ ಮತ್ತು ಸುಜನನಶಾಸ್ತ್ರಕ್ಕೆ (ಆಯ್ದ ಸಂತಾನದಿಂದ ಮನುಷ್ಯರ ತಳಿ ‘ಸುಧಾರಿಸಬಹುದು’ ಎನ್ನುವ ಯುಜೆನಿಕ್ಸ್) ಮೀಸಲಾದ ಕೈಸರ್ ವಿಲ್ಹೆಲ್ಮ್ ಸಂಸ್ಥೆಗೆ. ಮಾರ್ಗದರ್ಶಕರಾಗಿದ್ದವರು ಸಂಸ್ಥೆಯ ನಿರ್ದೇಶಕ ಓಯ್ಗನ್ ಫಿಷರ್. ಮುಂದೆ ನಾಜಿಗಳ ಜನಾಂಗ ಸಿದ್ಧಾಂತಕ್ಕೆ ವಿಜ್ಞಾನದ ವೇಷ ತೊಡಿಸಿದವರಲ್ಲಿ ಒಬ್ಬರು. ಬಿಳಿಯ ಯುರೋಪಿಯನ್ನರ ತಲೆಬುರುಡೆಯ ಎಡಬಲಗಳಲ್ಲಿ ವ್ಯತ್ಯಾಸವಿದೆ, ಅದು ಹೆಚ್ಚಿನ ಬುದ್ಧಿಯ ಗುರುತು ಎಂಬುದು ಅವರ ಊಹೆ. ಅದನ್ನು ಪರೀಕ್ಷಿಸುವ ಕೆಲಸ ಇರಾವತಿಯವರ ಪಾಲಿಗೆ ಬಂತು. 149 ತಲೆಬುರುಡೆಗಳನ್ನು ಅಳೆದು, ಈ ಅಸಮತೆಗೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಅವರು ಬರೆದರು. ಪರದೇಶದ ವಿದ್ಯಾರ್ಥಿನಿಯೊಬ್ಬಳು, ತನ್ನ ಪದವಿ ಯಾರ ಕೈಯಲ್ಲಿದೆಯೋ ಅವರಿಗೇ ಎದುರಾಗುವ ಫಲಿತಾಂಶವನ್ನು ಒಪ್ಪಿಸುವುದು ಸಣ್ಣ ಮಾತಲ್ಲ. ಪದವಿಯೇನೋ ಬಂತು, ಆದರೆ ದರ್ಜೆ ತೀರ ಕೆಳಗಿನದು.

ಇಷ್ಟಕ್ಕೇ ನಿಂತಿದ್ದರೆ ಇದು ವೀರಗಾಥೆಯಾಗುತ್ತಿತ್ತು. ಫಿಷರ್‌ರ ತೀರ್ಮಾನವನ್ನು ಬಿಟ್ಟುಬಂದ ಇರಾವತಿ, ಆ ಗುರುವಿನ ಅಳತೆಯ ಸಲಕರಣೆಗಳನ್ನು ಬಿಡಲಿಲ್ಲ. ಮಹಾರಾಷ್ಟ್ರದ ಜಾತಿ, ಬುಡಕಟ್ಟುಗಳ ಜನರ ತಲೆ, ಮೂಗುಗಳನ್ನು ಅಳೆಯುವ ಕೆಲಸವನ್ನು ಅವರು ವರ್ಷಗಟ್ಟಲೆ ಮುಂದುವರಿಸಿದರು. ಜಾತಿ ಹೇಗೆ ಹುಟ್ಟಿತೆಂಬ ಪ್ರಶ್ನೆಗೆ ದೇಹದ ಅಳತೆಯಲ್ಲಿ ಉತ್ತರ ಸಿಕ್ಕೀತೆಂದು ಅವರು ನಂಬಿದ್ದಂತಿದೆ. ಈ ಗಂಟನ್ನು ಅಡಗಿಸದೆ ಓದುಗರ ಮುಂದಿಡುವುದೇ ಪುಸ್ತಕದ ದೊಡ್ಡ ಗುಣ. ಅಜ್ಜಿಯ ಬಗ್ಗೆ ಮೊಮ್ಮಗಳು ಬರೆಯುವಾಗ ಇಂಥ ನಿಷ್ಠುರತೆ ಅಪರೂಪ. ಸಹಲೇಖಕರಾಗಿ ಹೊರಗಿನವರೊಬ್ಬರು ಇದ್ದುದರ ಲಾಭ ಇದು ಎಂದು ನನ್ನ ಗುಮಾನಿ.

ನನ್ನ ತಕರಾರು ನಿರೂಪಣೆಯ ಬಗ್ಗೆ. ದಾಖಲೆಗೂ ಕಲ್ಪನೆಗೂ ನಡುವಿನ ಗೆರೆ ಕೆಲವೆಡೆ ಮಸುಕಾಗುತ್ತದೆ. ಒಂದು ಭಾವನೆ ಇರಾವತಿಯವರದೋ ಲೇಖಕರು ಅವರಿಗೆ ಕೊಟ್ಟದ್ದೋ ಎಂದು ತಡೆದು ಯೋಚಿಸಬೇಕಾಗುತ್ತದೆ. ಓಟ ಚೆನ್ನಾಗಿದೆ, ನಿಜ. ಆದರೆ ಅಳತೆಗೆ ಸಿಗದ್ದನ್ನು ಸತ್ಯವೆಂದು ಬರೆಯಲೊಪ್ಪದವರ ಚರಿತ್ರೆಯಲ್ಲಿ ಈ ಸಲಿಗೆ ಸ್ವಲ್ಪ ಹೆಚ್ಚಾಯಿತು.

ಇನ್ನೊಂದು ಆಸೆ, ಕನ್ನಡದ ಓದುಗನದು. 1953ರಲ್ಲಿ ಬಂದ ಭಾರತದ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ಅವರು ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಕರ್ನಾಟಕವನ್ನು ದಕ್ಷಿಣ ವಲಯದಲ್ಲಿಟ್ಟರು. ಉತ್ತರದ ವಧು ಅಪರಿಚಿತರ ಊರಿಗೆ ಸೆರಗು ಮುಚ್ಚಿಕೊಂಡು ಹೋಗುತ್ತಾಳೆ. ನಮ್ಮಲ್ಲಿ ಸೋದರಮಾವನನ್ನು ಮದುವೆಯಾದ ಹುಡುಗಿಗೆ ಅತ್ತೆಯೆಂದರೆ ತನ್ನನ್ನು ಎತ್ತಾಡಿಸಿದ ಅಜ್ಜಿಯೇ. ಹೆಣ್ಣಿನ ಸ್ಥಾನಮಾನವನ್ನು ನೆಂಟಸ್ತಿಕೆಯ ನಕ್ಷೆಯಲ್ಲಿ ಓದಿದ ಆ ಗ್ರಂಥದ ವಾದ, ಅದಕ್ಕೆ ಬಂದ ಟೀಕೆಗಳು, ಅದಕ್ಕಾಗಿ ನಡೆದ ಓಡಾಟ, ಇವು ಇನ್ನಷ್ಟು ವಿಸ್ತಾರವಾಗಿ ಬರಬೇಕಿತ್ತು.

ಕುಂಕುಮ, ಮಂಗಳಸೂತ್ರಗಳಿಲ್ಲದೆ, ಗಂಡನನ್ನು ‘ದಿನು’ ಎಂದೇ ಕರೆಯುತ್ತ, ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಹೆಂಗಸಿನ ಚಿತ್ರ ರಂಜಕವಾಗಿಯೇ ಇದೆ. ಆದರೂ ಪುಸ್ತಕ ಕೈಗೆತ್ತಿಕೊಳ್ಳುವ ಮುನ್ನ ಪಂಢರಪುರದ ವಾರಿಯ (ಕಾಲ್ನಡಿಗೆಯ ಯಾತ್ರೆಯ) ಕುರಿತ ಅವರದೇ ಪ್ರಬಂಧವನ್ನು ಓದಿಕೊಳ್ಳುವುದು ಒಳ್ಳೆಯದು. ಒಂದೇ ಅಭಂಗ (ಮರಾಠಿ ಭಕ್ತಿಗೀತೆ) ಹಾಡುತ್ತ ನಡೆಯುವ ಒಂದೇ ದಿಂಡಿಯಲ್ಲಿ, ಅಂದರೆ ಯಾತ್ರಿಕರ ತಂಡದಲ್ಲಿ, ಬ್ರಾಹ್ಮಣರಿಗೂ ಮರಾಠರಿಗೂ ಬೇರೆ ಬೇರೆ ಅಡುಗೆಯಾಗುತ್ತಿದ್ದುದನ್ನು ಕಂಡು ಅವರು ಅಲ್ಲಿ ನೊಂದುಕೊಳ್ಳುತ್ತಾರೆ. ಮರಾಠ ಹೆಂಗಸರೊಡನೆ ಕುಳಿತು ಉಂಡ ಮೇಲೆ ಆ ಹೆಂಗಸರ ಸಲಿಗೆ ಹೆಚ್ಚಿದ್ದನ್ನೂ ಗಮನಿಸುತ್ತಾರೆ. ತಲೆ ಅಳೆಯುವ ಕ್ಯಾಲಿಪರ್ ಹಿಡಿದ ವಿಜ್ಞಾನಿಗೆ ಕಾಣದ ಜಾತಿ ಇಲ್ಲಿ ಊಟದ ಪಂಕ್ತಿಯಲ್ಲಿ ಕಾಣುತ್ತದೆ. ಪಂಢರಪುರಕ್ಕೆ ಯಾತ್ರೆ ಹೋಗುವ ಜನರ ನಾಡೇ ಮಹಾರಾಷ್ಟ್ರ ಎಂದು ಅವರು ಕೊಡುವ ವ್ಯಾಖ್ಯೆಯನ್ನು ಮಾತ್ರ, ದಿಂಡಿ ಕಟ್ಟಿಕೊಂಡು ಅದೇ ವಿಠ್ಠಲನ ಬಳಿಗೆ ಹೊರಡುವ ಬೆಳಗಾವಿ, ಬೀದರ್, ವಿಜಯಪುರಗಳ ಕನ್ನಡಿಗರು ಅಷ್ಟು ಸುಲಭಕ್ಕೆ ಒಪ್ಪಲಾರರು.